ಒಂದು ಗಣಕದಲ್ಲಿ ಮೂರು ಸಂಸಾರ

೨೦೨೫ನೆಯ ಇಸವಿ ಅಕ್ಟೋಬರ್ ೧೪ನೆಯ ತಾರೀಖಿಗೆ ವಿಂಡೋಸ್ ೧೦ ಎಂಬ ಕಾರ್ಯವ್ಯವಸ್ಥೆಗೆ ಅದನ್ನು ಮಾಡಿದವರಿಂದ ದೊರೆಯುತ್ತಿದ್ದ ಸಾಮಾನ್ಯ ಪೋಷಣೆಯು ಮುಗಿದುಹೋಯಿತು. ಮರುದಿನ ಬೆಳಗ್ಗೆ ಯಾವ ಮನೆಯ ಯಂತ್ರವೂ ಕೆಟ್ಟು ನಿಲ್ಲಲಿಲ್ಲ. ಎಲ್ಲವೂ ಎಂದಿನಂತೆಯೇ ನಡೆದುವು. ಆದರೆ ಹೊಸದಾಗಿ ಕಂಡುಬರುವ ಕಳ್ಳಗಿಂಡಿಗಳನ್ನು ಮುಚ್ಚುವ ತೇಪೆಗಳು ಇನ್ನುಮೇಲೆ ಮೊದಲಿನಂತೆ ತಾವಾಗಿ ಬರಲಾರವೆಂದೂ, ವಿಂಡೋಸ್ ೧೧ಕ್ಕೆ ಏರಬೇಕಾದರೆ ಟಿ.ಪಿ.ಎಂ. ೨.೦ ಎಂಬ ಭದ್ರತಾಂಗವೂ, ಇಂಟೆಲ್ ಪ್ರೊಸೆಸರಾದಲ್ಲಿ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದೋ ಅದಕ್ಕಿಂತ ಈಚಿನದೋ ಬೇಕೆಂದೂ ತಿಳಿದುಬಂದಾಗ, ಎಂಟು ಹತ್ತು ವರ್ಷ ಚೆನ್ನಾಗಿ ದುಡಿದ ಗಣಕಯಂತ್ರಗಳನ್ನು ಎದುರಿಗಿಟ್ಟುಕೊಂಡು ಅನೇಕ ಗೃಹಸ್ಥರು ಯೋಚನೆಗೆ ಬಿದ್ದರು. ನಾನೂ ಅವರಲ್ಲಿ ಒಬ್ಬನು.

ಹೊಸ ಯಂತ್ರವನ್ನು ಸಿದ್ಧವಾದ ಪೆಟ್ಟಿಗೆಯಾಗಿಯೇ ಕೊಳ್ಳಬಹುದು. ಅಥವಾ ಬಿಡಿಭಾಗಗಳನ್ನು ತಾನೇ ಆರಿಸಿ ಕೂಡಿಸಿಕೊಳ್ಳಬಹುದು. ಬೆಂಗಳೂರಿನಲ್ಲಿ ಎಸ್.ಪಿ. ರೋಡ್ ಎಂದು ಜನರು ಕರೆಯುವ ಸಾದರ ಪತ್ರಪ್ಪ ರಸ್ತೆಗೆ ಹೋದರೆ ಇಂಥ ಭಾಗಗಳನ್ನು ಮಾರುವ ಅಂಗಡಿಗಳು ಸಾಲಾಗಿ ಇರುವುವು. ಅಲ್ಲಿಗೆ ಹೋದವನಿಗೆ ಮೊದಲು ಕೇಳಿಬರುವ ಪ್ರಶ್ನೆ “ಎಷ್ಟು ದುಡ್ಡು?” ಎಂಬುದು, ಎರಡನೆಯದು “ಆಟಕ್ಕೋ, ಕೆಲಸಕ್ಕೋ?” ಎಂಬುದು. “ನಿಮ್ಮ ಯಂತ್ರದಲ್ಲಿ ಎಷ್ಟು ಕಾರ್ಯವ್ಯವಸ್ಥೆಗಳು ಬಾಳಬೇಕು?” ಎಂದು ನನ್ನನ್ನು ಯಾರೂ ಕೇಳಲಿಲ್ಲ. ಒಂದಕ್ಕಿಂತ ಹೆಚ್ಚು ಬಾಳಬೇಕಾದ ಪಕ್ಷದಲ್ಲಿ ಭಾಗಗಳನ್ನು ಆರಿಸುವ ಕ್ರಮವೇ ಬೇರೆಯಾಗುತ್ತದೆಂಬುದನ್ನು ನಾನು ನಷ್ಟಪಟ್ಟು ಕಲಿತೆನಾದುದರಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಯ ಅವಶ್ಯಕತೆ ಇಂತಿದೆ. ಸೊಸೆಯು ಎರಡು ಅಂಗಡಿಗಳ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆಯುತ್ತಾಳೆ. ಆ ತಂತ್ರಾಂಶವು ವಿಂಡೋಸಿನ ಮೇಲೆ ನಡೆಯುವಂತೆ ರಚಿತವಾದುದು. ನನ್ನ ನಿತ್ಯದ ಓದು ಬರಹಗಳೆಲ್ಲ ಲಿನಕ್ಸಿನಲ್ಲಿ. ಮೂರನೆಯದು ಹಳೆಯ ಕಥೆ. ೨೦೦೩ರಿಂದ ಐದು ವರ್ಷಗಳ ಕಾಲ, ನಮ್ಮ ಶಾಲೆಯ ಮಕ್ಕಳು ತಂತಮ್ಮ ಮನೆಯ ಹಿರಿಯರಿಂದ ಕೇಳಿಕೊಂಡು ಬಂದ ಬೇಸಾಯದ ಮಾತುಗಳು, ಪಾತ್ರೆ ಪಡಗಗಳ ಹೆಸರುಗಳು, ದನಕರುಗಳ ರೋಗಗಳ ಹೆಸರುಗಳು ಮೊದಲಾದುವನ್ನು ಆಗಿನ ಒಂದು ಕನ್ನಡ ತಂತ್ರಾಂಶದಲ್ಲಿ ಕೂಡಿಸಿಟ್ಟಿದ್ದೆನು. ಯೂನಿಕೋಡ್ ಸಂಕೇತವು ನಮ್ಮ ಕಡೆ ಬಳಕೆಗೆ ಬರುವುದಕ್ಕೆ ಮುಂಚಿನ ಆ ಕಡತಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲಿಯೇ ವೇಷಮರೆಸಿಕೊಂಡು ಕುಳಿತಿರುತ್ತವೆ. ಅದೇ ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಗೀಟುಗಳು. ಯೂನಿಕೋಡಿಗೆ ತಿರುಗಿಸುವ ಉಪಕರಣಗಳೇನೋ ಉಂಟು. ಆದರೆ ತಿರುಗಿಸಿದಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುವುದು, ಒತ್ತಕ್ಷರ ಕಳಚುವುದು ಇತ್ಯಾದಿ ವಿಕಾರಗಳು ಉಂಟಾಗುವುದರಿಂದ, ಮೂಲವನ್ನು ಮೂಲದ ರೂಪದಲ್ಲಿಯೇ ಎದುರಿಗಿಟ್ಟುಕೊಂಡು ತಾಳೆನೋಡದೆ ಗತ್ಯಂತರವಿಲ್ಲ. ನನ್ನಲ್ಲಿದ್ದ ಆ ತಂತ್ರಾಂಶದ ಪ್ರತಿಯು ವಿಂಡೋಸ್ ಎಕ್ಸ್‌ಪಿಯಲ್ಲಿ ಮಾತ್ರ ಸರಿಯಾಗಿ ನಡೆಯುತ್ತದೆ. ಎಕ್ಸ್‌ಪಿಯ ಪೋಷಣೆಯೋ ೨೦೧೪ರ ಏಪ್ರಿಲಿನಲ್ಲಿಯೇ ಮುಗಿದುದು. ಹೀಗೆ ಒಂದು ಪೆಟ್ಟಿಗೆಯಲ್ಲಿ ಮೂರು ಸಂಸಾರ.

ಕಾರ್ಯವ್ಯವಸ್ಥೆಯೆಂದರೇನೆಂಬುದನ್ನು ಒಂದು ಮಾತಿನಲ್ಲಿ ಹೇಳಿ ಮುಂದುವರಿಯುವೆನು. ಯಂತ್ರದ ಅಂಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು, ಯಾರಿಗೆ ಎಷ್ಟು ಸ್ಮೃತಿ, ಯಾರಿಗೆ ಎಷ್ಟು ಹೊತ್ತು ಪ್ರೊಸೆಸರಿನ ಸೇವೆ, ಯಾವ ಕಡತ ಎಲ್ಲಿರಬೇಕು ಎಂಬುದನ್ನು ಹಂಚುವ ಯಜಮಾನನೇ ಅದು. ಒಂದೇ ಮನೆಗೆ ಏಕಕಾಲದಲ್ಲಿ ಇಬ್ಬರು ಯಜಮಾನರು ಸಲ್ಲರಷ್ಟೆ. ಆದುದರಿಂದ ಹಲವು ವ್ಯವಸ್ಥೆಗಳನ್ನು ಇಡಲು ಎರಡು ಮಾರ್ಗಗಳು ಏರ್ಪಟ್ಟಿವೆ. ಮೊದಲನೆಯದು ಸರದಿ: ಯಂತ್ರವನ್ನು ಹೊತ್ತಿಸುವಾಗ ಇಂದು ಯಾರ ಯಜಮಾನಿಕೆಯೆಂದು ಆರಿಸಿಕೊಳ್ಳುವುದು. ಎರಡನೆಯದು ಆತಿಥ್ಯ: ಯಜಮಾನನು ಒಬ್ಬನೇ; ಅವನು ತನ್ನ ಮನೆಯೊಳಗೊಂದು ಕೋಣೆಯನ್ನು ಬಿಟ್ಟುಕೊಟ್ಟು, ಅದೇ ಪೂರ್ಣವಾದ ಯಂತ್ರವೆಂದು ಅತಿಥಿಯನ್ನು ನಂಬಿಸುತ್ತಾನೆ. ಇದನ್ನು ವರ್ಚುಯಲ್ ಮಷೀನ್ ಎಂದು ಕರೆಯುವರು, ಕಲ್ಪಿತಯಂತ್ರ ಎನ್ನೋಣ. ಈ ಉಪಾಯವು ಹೊಸದೆಂದು ಭಾವಿಸಬೇಕಾಗಿಲ್ಲ. ೧೯೭೨ರಲ್ಲಿಯೇ ಐ.ಬಿ.ಎಂ. ಕಂಪನಿಯವರು ತಮ್ಮ ದೊಡ್ಡ ಯಂತ್ರಗಳಿಗಾಗಿ ವಿ.ಎಂ./೩೭೦ ಎಂಬುದನ್ನು ಹೊರತಂದಿದ್ದರು. ಮನೆಯ ಯಂತ್ರಗಳ ಪ್ರೊಸೆಸರುಗಳಲ್ಲಿ ಇದಕ್ಕೆ ಬೇಕಾದ ಸಹಾಯಕಾಂಗವನ್ನು ಇಂಟೆಲಿನವರು ೨೦೦೫ರಲ್ಲಿಯೂ ಎ.ಎಂ.ಡಿ.ಯವರು ೨೦೦೬ರಲ್ಲಿಯೂ ಸೇರಿಸಿದರು. ೨೦೦೭ರಲ್ಲಿ ಲಿನಕ್ಸಿನ ತಿರುಳಿನೊಳಗೆಯೇ ಕೆ.ವಿ.ಎಂ. ಎಂಬ ಆತಿಥ್ಯಶಾಲೆಯು ಸೇರಿತು.

ಇನ್ನು ನನ್ನ ನಷ್ಟದ ಸಂಗತಿ. ೨೦೦೮ರ ಬಳಿಕ ಕೂಡಿಸಿದ ಮಾತುಗಳನ್ನೆಲ್ಲ ಹೊಸ ಸಂಕೇತದಲ್ಲಿಯೇ ಬರೆದು ಯಂತ್ರದಲ್ಲಿಟ್ಟಿದ್ದೆನು. ೨೦೧೯ರಲ್ಲಿ ಆ ಯಂತ್ರಕ್ಕೆ ಒಂದೇ ಕಂಪನಿಯ, ಒಂದೇ ಅಳತೆಯ ಎರಡು ಎಸ್.ಎಸ್.ಡಿ.ಗಳನ್ನು ಹಾಕಿಸಿದೆನು, ಜೋಡಿ ಚೆನ್ನಾಗಿ ಕಾಣಲೆಂಬುದಲ್ಲದೆ ಅದಕ್ಕೆ ಬೇರೆ ಕಾರಣವಿರಲಿಲ್ಲ. ಒಂದರಲ್ಲಿ ವಿಂಡೋಸೂ ನನ್ನ ಕಡತಗಳೂ. ಇನ್ನೊಂದು ಲಿನಕ್ಸಿಗೆಂದು ಬರಿದಾಗಿಟ್ಟುದು. ಸ್ಥಾಪನೆಯ ಹೊತ್ತಿನಲ್ಲಿ ಪರದೆಯ ಮೇಲೆ ಎರಡೂ ಕಂಡುವು: ಎಸ್.ಡಿ.ಎ. ಮತ್ತು ಎಸ್.ಡಿ.ಬಿ. ಹೆಸರೂ ಒಂದೇ, ಅಳತೆಯೂ ಒಂದೇ, ಭೇದವೆಲ್ಲ ಆ ಕೊನೆಯ ಅಕ್ಷರದಲ್ಲಿ. “ಡಿಸ್ಕನ್ನು ಪೂರ್ಣವಾಗಿ ಅಳಿಸಲೆ?” ಎಂದು ಯಂತ್ರವು ಕೇಳಿತು. ಮೂವತ್ತು ವರ್ಷ ಹುಡುಗರಿಗೆ ಪ್ರಶ್ನೆಯನ್ನು ಎರಡು ಸಲ ಓದಿರೆಂದು ಹೇಳಿದ ನಾನು ಒಂದು ಸಲ ಓದಿ ಹೌದೆಂದೆನು. ಹನ್ನೊಂದು ವರ್ಷದ ಮಾತುಗಳು ಎರಡು ನಿಮಿಷಗಳಲ್ಲಿ ಹೋದುವು. ತಿರುಗುವ ಹಳೆಯ ಹಾರ್ಡ್‌ಡಿಸ್ಕಾಗಿದ್ದರೆ ಅಳಿಸಿದುದರಲ್ಲಿ ಬಹುಭಾಗವನ್ನು ಬಲ್ಲವರು ಹೊರತೆಗೆಯಬಹುದಾಗಿತ್ತು. ಎಸ್.ಎಸ್.ಡಿ.ಗೆ “ಈ ಜಾಗ ಇನ್ನು ಬೇಕಾಗಿಲ್ಲ” ಎಂಬ ಆಜ್ಞೆಯು ತಲುಪಿದರೆ ಅದು ತಾನಾಗಿಯೇ ಒಳಗಿನದನ್ನು ತೊಳೆದುಕೊಳ್ಳುವುದರಿಂದ ಹುಡುಕುವುದಕ್ಕೂ ಏನೂ ಉಳಿಯುವುದಿಲ್ಲ. ಪ್ರತಿಯನ್ನು ಬೇರೆಡೆ ತೆಗೆದಿಟ್ಟಿರಬೇಕಾಗಿತ್ತೆಂದು ವಾಚಕರು ಹೇಳುವಿರಿ. ನಿಜ. ೨೦೦೮ಕ್ಕೆ ಮುಂಚಿನದು ಮಾತ್ರ ಒಂದು ಸಿ.ಡಿ.ಯಲ್ಲಿ ಬೀರುವಿನೊಳಗೆ ಉಳಿದಿತ್ತು. ಮೇಲೆ ಹೇಳಿದ ಹಳೆಯ ಸಂಕೇತದ ಕಡತಗಳೇ ಅವು.

ಆದಕಾರಣ ಈ ಸಲ ನಾನು ಆಯ್ಕೆಯನ್ನು ಎಲ್ಲರಂತೆ ಪ್ರೊಸೆಸರಿನಿಂದ ಮೊದಲುಮಾಡದೆ ಡಿಸ್ಕುಗಳಿಂದ ಮೊದಲುಮಾಡಿದೆನು. ಕೂಡುಕುಟುಂಬದಲ್ಲಿ ಒಲೆಗಳು ಬೇರೆ ಬೇರೆ ಇದ್ದರೆ ಜಗಳ ಕಡಿಮೆ. ವಿಂಡೋಸಿಗೊಂದು, ಲಿನಕ್ಸಿಗೊಂದು, ಹೀಗೆ ಪ್ರತ್ಯೇಕವಾದ ಡಿಸ್ಕುಗಳೇ ಇರತಕ್ಕದ್ದು. ಒಂದೇ ಡಿಸ್ಕನ್ನು ಗೆರೆಯೆಳೆದು ಹಂಚುವುದು ಅಗ್ಗವಾದರೂ, ಒಬ್ಬರು ಮರುಸ್ಥಾಪನೆಗೆ ಹೊರಟಾಗಲೆಲ್ಲ ಇನ್ನೊಬ್ಬರ ಎದೆ ನಡುಗುತ್ತದೆ. ಎರಡೂ ಡಿಸ್ಕುಗಳು ಅಳತೆಯಲ್ಲಿಯೂ ಹೆಸರಿನಲ್ಲಿಯೂ ಭಿನ್ನವಾಗಿರಬೇಕು. ನಾನು ಕೊಂಡದ್ದು ಲಿನಕ್ಸಿಗೆ ಒಂದು ಟೆರಾಬೈಟಿನ ಎನ್.ವಿ.ಎಂ.ಇ. ಫಲಕ, ವಿಂಡೋಸಿಗೆ ಬೇರೊಂದು ಕಂಪನಿಯ ೫೦೦ ಗಿಗಾಬೈಟಿನ ಸಾಟಾ ಡಿಸ್ಕು. ಸಾಟಾ ನಿಧಾನವಲ್ಲವೆ ಎಂದು ಅಂಗಡಿಯ ಹುಡುಗನು ಮುಖ ಸಿಂಡರಿಸಿದನು. ನಿಧಾನವೇ ಸರಿ, ಲೆಕ್ಕ ಬರೆಯುವುದಕ್ಕೆ ಅದು ಧಾರಾಳವಾಗಿ ಸಾಕು. ಆದರೆ ಎನ್.ವಿ.ಎಂ.ಇ. ಫಲಕಗಳು ಮದರ್‌ಬೋರ್ಡಿಗೇ ಮಲಗಿದಂತೆ ತಿರುಪಿನಿಂದ ಬಿಗಿಯಲ್ಪಟ್ಟು, ಕೆಲವು ವೇಳೆ ಗ್ರಾಫಿಕ್ಸ್ ಕಾರ್ಡಿನ ಅಡಿಯಲ್ಲಿ ಸಿಕ್ಕಿಕೊಂಡಿರುತ್ತವೆ. ಸಾಟಾ ಡಿಸ್ಕಿಗೆ ಒಂದು ತಂತಿಯಿದೆ. ಯಂತ್ರವನ್ನು ಆರಿಸಿ, ಆ ತಂತಿಯನ್ನು ಕಿತ್ತಿಟ್ಟು, ಬಳಿಕ ಲಿನಕ್ಸನ್ನು ಸ್ಥಾಪಿಸಿದರೆ ಯಾವ ಪ್ರಶ್ನೆಗೆ ಏನೆಂದು ಉತ್ತರ ಕೊಟ್ಟರೂ ಸೊಸೆಯ ಲೆಕ್ಕಕ್ಕೆ ಅಪಾಯವಿಲ್ಲ.

ಬೇರೆ ಡಿಸ್ಕಿದ್ದ ಮಾತ್ರಕ್ಕೆ ಗೋಡೆಯು ಪೂರ್ಣವಾಯಿತೆಂದು ತಿಳಿಯಬಾರದು. ೨೦೨೪ರ ಆಗಸ್ಟಿನಲ್ಲಿ ಬಂದ ಒಂದು ವಿಂಡೋಸ್ ಪರಿಷ್ಕರಣೆಯು ಸೆಕ್ಯೂರ್ ಬೂಟ್ ಎಂಬ ಕಾವಲಿನ ನಿಯಮವನ್ನು ಬಿಗಿಮಾಡಿದ್ದರಿಂದ, ಜೊತೆಯಲ್ಲಿದ್ದ ಲಿನಕ್ಸುಗಳು ಅನೇಕ ಕಡೆ ಏಳಲೊಲ್ಲದೆ ಹೋದುವು. ಆ ನಿಯಮವು ಬರೆಯಲ್ಪಡುವುದು ಡಿಸ್ಕಿನಲ್ಲಲ್ಲ, ಮದರ್‌ಬೋರ್ಡಿನ ಸ್ವಂತ ಸ್ಮೃತಿಯಲ್ಲಿ. ಹಾಗೆಯೇ ಈಚಿನ ವಿಂಡೋಸು ಅನೇಕ ಯಂತ್ರಗಳಲ್ಲಿ ಡಿಸ್ಕಿಗೆ ತಾನಾಗಿ ಬೀಗ ಹಾಕಿಕೊಳ್ಳುತ್ತದೆ. ಬಯೋಸಿನಲ್ಲಿ ಏನನ್ನಾದರೂ ಬದಲಿಸಿದರೆ ೪೮ ಅಂಕಿಗಳ ಬೀಗದಸಂಖ್ಯೆಯನ್ನು ಕೇಳೀತು. ಆ ಸಂಖ್ಯೆಯನ್ನು ಕಾಗದದ ಮೇಲೆ ಬರೆದು ಮನೆಯ ಪತ್ರಗಳ ಜೊತೆಯಲ್ಲಿ ಇಟ್ಟುಕೊಳ್ಳಬೇಕು. ಅದೇ ಯಂತ್ರದೊಳಗೆ ಬರೆದಿಟ್ಟವರನ್ನು ನಾನು ಬಲ್ಲೆನು.

ಮದರ್‌ಬೋರ್ಡಿನ ವಿಚಾರಕ್ಕೆ ಬರೋಣ. ಇದನ್ನು ಆರಿಸುವುದಕ್ಕೆ ನಾನು ಕಂಡ ಒಳ್ಳೆಯ ಉಪಾಯವೆಂದರೆ, ಕೊಳ್ಳುವುದಕ್ಕೆ ಮುಂಚೆಯೇ ಅದರ ಕೈಪಿಡಿಯನ್ನು ಓದುವುದು. ತಯಾರಕರು ಕೈಪಿಡಿಯನ್ನು ಯಾರು ಬೇಕಾದರೂ ಓದುವಂತೆ ಬಿಟ್ಟಿರುತ್ತಾರೆ, ಓದುವವರು ವಿರಳ. ಸೂತ್ರಗಳನ್ನು ಓದಿದವರಿಗೆ ಗೊತ್ತಿರುವಂತೆ, ಮೇಲೆ ದೊಡ್ಡದಾಗಿ ಹೇಳಿದ ವಿಧಿಯನ್ನು ಕೆಳಗೆ ಸಣ್ಣದಾಗಿ ಹೇಳಿದ ಅಪವಾದವು ಬಾಧಿಸುತ್ತದೆ. ಪೆಟ್ಟಿಗೆಯ ಮೇಲೆ “ಎನ್.ವಿ.ಎಂ.ಇ. ಸ್ಥಾನಗಳು ಮೂರು, ಸಾಟಾ ಸ್ಥಾನಗಳು ನಾಲ್ಕು” ಎಂದಿರುವುದು; ಅಡಿಟಿಪ್ಪಣಿಯಲ್ಲಿ “ಇಂಥ ಸ್ಥಾನದಲ್ಲಿ ಫಲಕವನ್ನು ಕೂರಿಸಿದರೆ ಇಂಥ ಸಾಟಾ ಸ್ಥಾನಗಳು ಕೆಲಸಮಾಡವು” ಎಂದಿರುವುದು. ಒಂದೇ ದಾರಿಯನ್ನು ಇಬ್ಬರಿಗೆ ಹಂಚಿರುವುದೇ ಇದಕ್ಕೆ ಕಾರಣ. ಕೈಪಿಡಿಯಲ್ಲಿ ಇನ್ನೂ ಎರಡನ್ನು ನೋಡಿಕೊಳ್ಳಬೇಕು: ವರ್ಚುಯಲೈಸೇಶನ್ನನ್ನು ಜಾಗೃತಗೊಳಿಸುವ ಬಯೋಸಿನ ಗುಂಡಿ ಎಲ್ಲಿದೆ ಎಂಬುದು, ಐ.ಒ.ಎಂ.ಎಂ.ಯು. ಎಂಬ ಮಾತು ಎಲ್ಲಿಯಾದರೂ ಬಂದಿದೆಯೆ ಎಂಬುದು.

ಈ ಎರಡನೆಯದನ್ನು ಸ್ವಲ್ಪ ವಿವರಿಸಬೇಕು. ಅತಿಥಿವ್ಯವಸ್ಥೆಗೆ ಕಲ್ಪಿತವಾದ ಗ್ರಾಫಿಕ್ಸ್ ಕಾರ್ಡಿನ ಬದಲು ನಿಜವಾದ ಕಾರ್ಡನ್ನೇ ಕೈಗೆತ್ತಿ ಕೊಟ್ಟುಬಿಡುವ ಪದ್ಧತಿಯೊಂದಿದೆ. ಲಿನಕ್ಸಿನೊಳಗೆ ವಿಂಡೋಸನ್ನು ಅತಿಥಿಯಾಗಿಟ್ಟುಕೊಂಡೇ ಭಾರವಾದ ಆಟಗಳನ್ನೂ ಚಿತ್ರಸಂಕಲನವನ್ನೂ ನಡೆಸಬಯಸುವವರು ಇದನ್ನು ಆಶ್ರಯಿಸುವರು. ಆದರೆ ಕಾರ್ಡು ಯಂತ್ರದ ಸ್ಮೃತಿಯನ್ನು ನೇರವಾಗಿ ಮುಟ್ಟಬಲ್ಲುದಾದುದರಿಂದ, ಅತಿಥಿಯ ಕೋಣೆಯನ್ನು ದಾಟಿ ಯಜಮಾನನ ಕೋಣೆಗೆ ಕೈಹಾಕದಂತೆ ತಡೆಯುವ ಬಾಗಿಲುಕಾಯುವವನು ಬೇಕು. ಅವನೇ ಐ.ಒ.ಎಂ.ಎಂ.ಯು.; ಇಂಟೆಲಿನವರು ಅದನ್ನು ವಿ.ಟಿ.-ಡಿ ಎನ್ನುವರು. ಅವನು ಭಾಗಗಳನ್ನು ಗುಂಪುಗುಂಪಾಗಿ ಕಾಯುವನು. ಅಗ್ಗದ ಕೆಲವು ಮದರ್‌ಬೋರ್ಡುಗಳಲ್ಲಿ ಗ್ರಾಫಿಕ್ಸ್ ಕಾರ್ಡು, ಜಾಲದ ಸಂಪರ್ಕ, ಸಾಟಾ ಮೂರೂ ಒಂದೇ ಗುಂಪಿಗೆ ಬಿದ್ದಿರುವುವು; ಆಗ ಒಂದನ್ನು ಕೊಡಬೇಕಾದರೆ ಮೂರನ್ನೂ ಕೊಡಬೇಕು. ಪ್ರೊಸೆಸರಿಗೆ ನೇರವಾಗಿ ಸೇರಿದ ಮೊದಲನೆಯ ಸ್ಥಾನವು ಸಾಮಾನ್ಯವಾಗಿ ಬೇರೆಯ ಗುಂಪಿನಲ್ಲಿರುತ್ತದೆ.

ಬೆಲೆ ಹೆಚ್ಚಾದರೆ ಗುಣವೂ ಹೆಚ್ಚೆಂದು ನಂಬುವವರಿಗೆ ಇಲ್ಲೊಂದು ಉದಾಹರಣೆಯನ್ನು ಹೇಳಬಹುದು. ೨೦೧೧ರ ಇಂಟೆಲ್ ಕೋರ್ ಐ೭-೨೬೦೦ ಪ್ರೊಸೆಸರಿನಲ್ಲಿ ಈ ಬಾಗಿಲುಕಾಯುವವನು ಇದ್ದನು. ಅದಕ್ಕಿಂತ ಹೆಚ್ಚು ಬೆಲೆಯ, ವೇಗವನ್ನು ಏರಿಸಿಕೊಳ್ಳಲು ಅವಕಾಶವಿದ್ದ ಐ೭-೨೬೦೦ಕೆ ಎಂಬುದರಲ್ಲಿ ಅವನಿರಲಿಲ್ಲ. ೨೦೧೨ರ ೩೭೭೦ಕೆ ಎಂಬುದರಲ್ಲಿಯೂ ಹಾಗೆಯೇ. ಹಳೆಯ ಭಾಗಗಳನ್ನು ಕಡಿಮೆ ಬೆಲೆಗೆ ಕೊಳ್ಳಹೊರಟವರು ಇಂದಿಗೂ ಇದನ್ನು ನೆನಪಿನಲ್ಲಿಡುವುದು ಲೇಸು.

ಹೊಸ ಪ್ರೊಸೆಸರುಗಳಲ್ಲಿ ಈ ಚಿಂತೆ ಬಹುಮಟ್ಟಿಗೆ ಇಲ್ಲ. ಅಲ್ಲಿ ನೋಡಬೇಕಾದುದು ಹೆಸರಿನ ಕೊನೆಯ ಅಕ್ಷರವನ್ನು. ಇಂಟೆಲಿನದರಲ್ಲಿ ಎಫ್ ಎಂಬ ಅಕ್ಷರವಿದ್ದರೆ ಅದರಲ್ಲಿ ಅಂತರ್ಗತವಾದ ಗ್ರಾಫಿಕ್ಸ್ ಇರುವುದಿಲ್ಲ, ಎ.ಎಂ.ಡಿ.ಯ ರೈಜೆನ್ ೭೦೦೦ ಸಾಲಿನಲ್ಲಿಯೂ ಎಫ್ ಇದ್ದರೆ ಹಾಗೆಯೇ. ಹಲವು ವ್ಯವಸ್ಥೆಗಳ ಯಂತ್ರಕ್ಕೆ ಅಂತರ್ಗತ ಗ್ರಾಫಿಕ್ಸ್ ಬಹಳ ಉಪಕಾರಿ: ಮುಂದೆ ಕಾರ್ಡೊಂದನ್ನು ಅತಿಥಿಗೆ ಕೊಟ್ಟರೂ ಯಜಮಾನನಿಗೆ ತನ್ನದೊಂದು ಪರದೆ ಉಳಿಯುತ್ತದೆ. ನಾನು ಆರಿಸಿದ್ದು ರೈಜೆನ್ ೫ ೭೬೦೦. ಆರು ಕೋರುಗಳು, ೬೫ ವಾಟಿನ ದರ್ಜೆ, ಪೆಟ್ಟಿಗೆಯಲ್ಲಿಯೇ ಬೀಸಣಿಗೆ, ವಿಂಡೋಸ್ ೧೧ ಬೇಡುವ ಟಿ.ಪಿ.ಎಂ. ಅದರೊಳಗೆಯೇ. ಬೇರೆ ಗ್ರಾಫಿಕ್ಸ್ ಕಾರ್ಡನ್ನು ಕೊಳ್ಳಲೇ ಇಲ್ಲ. ಅಂಗಡಿಯವರಿಗೆ ಇದು ಊಟಕ್ಕೆ ಕರೆದು ಅನ್ನ ಬಡಿಸದಂತೆ ಕಂಡಿತು. ಲೆಕ್ಕದ ಪುಸ್ತಕಕ್ಕೂ ಶಬ್ದಸಂಗ್ರಹಕ್ಕೂ ಅದರಿಂದೇನು? ಮುಂದೆ ಬೇಕೆನ್ನುವವರು ಒಂದನ್ನು ನೆನಪಿಡಲಿ: ಎ.ಎಂ.ಡಿ. ಕಾರ್ಡುಗಳ ಚಾಲಕವು ಲಿನಕ್ಸಿನ ತಿರುಳಿನಲ್ಲಿಯೇ ಇದೆ. ಎನ್‌ವಿಡಿಯಾದವರ ಚಾಲಕವನ್ನು ಸಾಮಾನ್ಯವಾಗಿ ಬೇರೆಯಾಗಿ ಹಾಕಿಕೊಳ್ಳಬೇಕು.

ರ್‍ಯಾಮಿನ ವಿಷಯದಲ್ಲಿ ನಾನು ಪಂಡಿತರ ಮಾತನ್ನು ಮೀರಿದ್ದೇನೆ. ಸರದಿಯ ಮಾರ್ಗದಲ್ಲಿ ಒಬ್ಬನೇ ಯಜಮಾನನಿರುವುದರಿಂದ ಒಬ್ಬನಿಗೆ ಸಾಕಾದಷ್ಟು ಸ್ಮೃತಿಯಿದ್ದರೆ ಸಾಕು. ಆತಿಥ್ಯದ ಮಾರ್ಗದಲ್ಲಿ ಇಬ್ಬರೂ ಏಕಕಾಲದಲ್ಲಿ ಎಚ್ಚರವಾಗಿರುವುದರಿಂದ ಇಬ್ಬರಿಗೂ ಬಡಿಸಬೇಕು. ವಿಂಡೋಸ್ ೧೧ನ್ನು ಅತಿಥಿಯಾಗಿಡುವವರಿಗೆ ೩೨ ಗಿಗಾಬೈಟು ಬೇಕೆಂಬುದು ಯುಕ್ತವೇ. ಎಕ್ಸ್‌ಪಿಯಾದರೋ ಒಂದು ಗಿಗಾಬೈಟಿನಲ್ಲಿ ಹೊಟ್ಟೆತುಂಬ ಉಂಡು ಮಲಗುವ ಹಳೆಯ ಕಾಲದ ಅತಿಥಿ. ೨೦೨೫ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ದೊಡ್ಡ ಯಂತ್ರಾಗಾರಗಳಿಗೆ ಸ್ಮೃತಿಫಲಕಗಳು ಸಾಗಿಹೋಗಿ ಮನೆಯವರಿಗೆ ಅವುಗಳ ಬೆಲೆ ಬಹಳವಾಗಿ ಏರಿತು. ಆದುದರಿಂದ ೧೬ ಗಿಗಾಬೈಟಿನ ಒಂದೇ ಡಿ.ಡಿ.ಆರ್. ೫ ಫಲಕವನ್ನು ಕೊಂಡು ಪಕ್ಕದ ಸ್ಥಾನವನ್ನು ಬರಿದಾಗಿ ಬಿಟ್ಟೆನು. ಎರಡು ಫಲಕಗಳಿದ್ದರೆ ಜೋಡೆತ್ತಿನಂತೆ ಎಳೆಯುತ್ತವೆಂಬುದು ಸತ್ಯ. ಒಂಟಿ ಎತ್ತಿನ ಗಾಡಿಯೂ ಸಂತೆಗೆ ಹೋಗುತ್ತದೆ.

ಉಳಿದವನ್ನು ಬೇಗ ಮುಗಿಸುವೆನು. ವೈಫೈ ಭಾಗವು ಇಂಟೆಲಿನದಾಗಿದ್ದರೆ ಲಿನಕ್ಸಿನಲ್ಲಿ ತೊಂದರೆ ಕಡಿಮೆ. ನಾನು ತಂತಿಯನ್ನೇ ಎಳೆದೆನು. ವಿದ್ಯುತ್ಪೆಟ್ಟಿಗೆ ೫೫೦ ವಾಟಿನದು ಸಾಕು. ಅದರ ಮೇಲಿನ ೮೦ ಪ್ಲಸ್ ಎಂಬ ಮುದ್ರೆಯು ವಿದ್ಯುತ್ತನ್ನು ಎಷ್ಟು ಪೋಲುಮಾಡುತ್ತದೆಂಬುದನ್ನು ಹೇಳುವುದೇ ಹೊರತು ಒಳಗಿನ ಕಟ್ಟಡ ಗಟ್ಟಿಯೆಂದು ಹೇಳುವುದಿಲ್ಲ. ಪರಿಷ್ಕರಣೆಯ ನಡುವೆ ವಿದ್ಯುತ್ತು ಹೋದರೆ ಕಾರ್ಯವ್ಯವಸ್ಥೆಯೇ ಕೆಡಬಹುದಾದ ಕಾರಣ ಯು.ಪಿ.ಎಸ್. ಇಲ್ಲದೆ ಇಂಥ ಯಂತ್ರವನ್ನು ನಡೆಸಬಾರದು.

ಕೂಡಿಸಿದ ದಿನ ಯಂತ್ರವು ಮೊದಲ ಸಲಕ್ಕೇ ಎದ್ದಿತು. ಆದರೆ ಕಲ್ಪಿತಯಂತ್ರವು ನಡೆಯಲೊಲ್ಲದು. ಪ್ರೊಸೆಸರಿನಲ್ಲಿ ಶಕ್ತಿಯಿದ್ದರೂ ಬಯೋಸಿನಲ್ಲಿ ಎಸ್.ವಿ.ಎಂ. ಎಂಬ ಗುಂಡಿಯನ್ನು ಮುಚ್ಚಿಟ್ಟೇ ಕಳುಹಿಸಿದ್ದರು. ಕೈಪಿಡಿಯಲ್ಲಿ ಗುರುತುಹಾಕಿಕೊಂಡಿದ್ದುದರಿಂದ ಐದು ನಿಮಿಷದಲ್ಲಿ ಸಿಕ್ಕಿತು. ಸಂಜೆ ಸೊಸೆಯು ವಿಂಡೋಸನ್ನು ತೆರೆದು, “ಮಾವನವರೆ, ಗಡಿಯಾರ ಮಧ್ಯಾಹ್ನವನ್ನು ತೋರಿಸುತ್ತಿದೆ” ಎಂದಳು. ವ್ಯತ್ಯಾಸವು ಸರಿಯಾಗಿ ಐದೂವರೆ ಗಂಟೆ. ಯಂತ್ರದ ಗಡಿಯಾರವನ್ನು ಲಿನಕ್ಸು ಅಂತರರಾಷ್ಟ್ರೀಯ ಕಾಲಕ್ಕೆ ಇಡುತ್ತದೆ. ವಿಂಡೋಸು ಅದನ್ನೇ ಭಾರತದ ಕಾಲವೆಂದು ಓದುತ್ತದೆ. ಲೆಕ್ಕದ ಚೀಟಿಗಳ ಮೇಲೆ ತಪ್ಪು ತಾರೀಖು ಬಿದ್ದರೆ ಹಾಸ್ಯವಲ್ಲ. ಸ್ಥಳೀಯ ಕಾಲವನ್ನೇ ಅನುಸರಿಸುವಂತೆ ಲಿನಕ್ಸಿಗೆ ಹೇಳಿ ಸರಿಪಡಿಸಿದೆನು. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಎಂಬುದನ್ನೂ ನಿಲ್ಲಿಸಿದೆನು. ಅದಿದ್ದರೆ ವಿಂಡೋಸು ಆರಿದಂತೆ ತೋರಿ ಅರೆನಿದ್ದೆಯಲ್ಲಿರುವುದು, ಆಗ ಲಿನಕ್ಸಿನಿಂದ ಅದರ ಡಿಸ್ಕಿಗೆ ಬರೆದರೆ ಕಡತಗಳು ಕೆಡಬಹುದು.

ಎಕ್ಸ್‌ಪಿಯನ್ನು ೨೦೦೪ರಲ್ಲಿ ನಾನು ಪ್ರತ್ಯೇಕವಾಗಿ ಕೊಂಡಿದ್ದ ಸಿ.ಡಿ.ಯಿಂದ ಲಿನಕ್ಸಿನ ಅತಿಥಿಕೋಣೆಯಲ್ಲಿ ಇಳಿಸಿದೆನು. ಪೋಷಣೆಯಿಲ್ಲದ ಮುದಿವ್ಯವಸ್ಥೆಯಾದುದರಿಂದ ಅದಕ್ಕೆ ಜಾಲದ ಸಂಪರ್ಕವನ್ನು ಕೊಟ್ಟಿಲ್ಲ. ಹಳೆಯ ಕಡತವನ್ನು ತೆರೆದಾಗ ಮೊದಲು ಕಣ್ಣಿಗೆ ಬಿದ್ದುದು ‘ಹಗೇವು’ ಎಂಬ ಮಾತು. ಧಾನ್ಯವನ್ನು ತುಂಬಿಡುವ ನೆಲಮಾಳಿಗೆಯ ಹಳ್ಳ. ಕೆಳಗೆ, ತನ್ನ ಅಜ್ಜನು ಅದರೊಳಕ್ಕೆ ಇಳಿಯುವ ಮೊದಲು ದೀಪವನ್ನು ಇಳಿಬಿಟ್ಟು ನೋಡುತ್ತಿದ್ದನೆಂದು ಒಬ್ಬ ಹುಡುಗನು ಹೇಳಿದ ಟಿಪ್ಪಣಿ. ಅಕ್ಷರಗಳೆಲ್ಲ ನೆಟ್ಟಗಿದ್ದುವು. ಬಲಗಡೆ ಎಕ್ಸ್‌ಪಿಯ ಕಿಟಕಿಯಲ್ಲಿ ಮೂಲವನ್ನೂ, ಎಡಗಡೆ ಲಿನಕ್ಸಿನಲ್ಲಿ ತಿರುಗಿಸಿದ ಪ್ರತಿಯನ್ನೂ ಇಟ್ಟುಕೊಂಡು ದಿನಕ್ಕೆ ನಾಲ್ಕು ಪುಟದಂತೆ ತಾಳೆನೋಡುತ್ತಿದ್ದೇನೆ. ಮುಗಿದ ಪುಟಗಳ ಪ್ರತಿಯು ಪ್ರತಿರಾತ್ರಿ ಹೊರಗಿನ ಡಿಸ್ಕೊಂದಕ್ಕೆ ಹೋಗುತ್ತದೆ. ತಿಂಗಳ ಕೊನೆಯ ವಾರ ಸೊಸೆಗೆ ವಿಂಡೋಸು ಬೇಕು; ಆಗ ನನ್ನ ಲಿನಕ್ಸೂ ಅದರೊಳಗಿನ ಅತಿಥಿಯೂ ಮಲಗುತ್ತವೆ. ಈ ತಿಂಗಳು ಪಕಾರದವರೆಗೆ ಬಂದಿದೆ.